ಒಂದು ವಿಳಾಸ, ಇಬ್ಬರು ವಾರಸುದಾರರು

ಪುಟ್ಟಾ,

ನಿನ್ನ ಪತ್ರಿಕೆಯ ಜಾಲತಾಣದ ಕೋಡ್ ಪೂರ್ತಿ ಓದಿದೆ. ವಿನ್ಯಾಸ ಚೆಂದ ಇದೆ, ಡೇಟಾಬೇಸ್ ಕೂಡ ಒಪ್ಪವಾಗಿದೆ. '/ಲೇಖನ/ಹುಡುಕು' ಎಂದು ಹೊಡೆದರೆ ಹುಡುಕುವ ಪುಟ ತೆರೆಯುವುದಿಲ್ಲ, 'ಈ ಲೇಖನ ಲಭ್ಯವಿಲ್ಲ' ಎಂದು ಬರುತ್ತದೆ, ಜ್ಯಾಂಗೊದಲ್ಲೇ ಏನೋ ಬಗ್ ಇರಬೇಕು ಅಂದಿದ್ದೀಯಲ್ಲ, ಜ್ಯಾಂಗೊ ಮೇಲೆ ಗೂಬೆ ಕೂರಿಸಬೇಡ ಮಾರಾಯ. ಅದು ನೀನು ಹೇಳಿದ್ದನ್ನು ಅಕ್ಷರಶಃ ಪಾಲಿಸಿದೆ. ನಿನ್ನ ರೂಟ್‌ಗಳ ಪಟ್ಟಿಯಲ್ಲಿ '/ಲೇಖನ/:ಹೆಸರು' ಮೇಲಿದೆ, '/ಲೇಖನ/ಹುಡುಕು' ಕೆಳಗಿದೆ. (ಬದಲಾಗುವ ಭಾಗದ ಹಿಂದೆ ಕೋಲನ್ ಹಾಕಿ ಬರೆಯುತ್ತಿದ್ದೇನೆ, ಜ್ಯಾಂಗೊದಲ್ಲಿ ಅದನ್ನು ಕೋನಾಕಾರದ ಆವರಣದೊಳಗೆ ಬರೆಯುತ್ತಾರೆ ಎಂಬುದು ನಿನಗೆ ಗೊತ್ತು.) 'ಹುಡುಕು' ಎಂಬುದೂ ಒಂದು ಹೆಸರಾಗಬಹುದಷ್ಟೆ. ಮೇಲಿನ ರೂಟ್ ಅದನ್ನು ಎತ್ತಿಕೊಂಡು, ಆ ಹೆಸರಿನ ಲೇಖನಕ್ಕಾಗಿ ಡೇಟಾಬೇಸನ್ನೆಲ್ಲ ತಡಕಾಡಿ, ಸಿಗದೆ ಕೈಚೆಲ್ಲಿತು. ಕೆಳಗಿನ ಸಾಲಿಗೆ ಸರದಿಯೇ ಬರಲಿಲ್ಲ.

ಎರಡು ಸಾಲು ಅದಲುಬದಲು ಮಾಡಿದರೆ ಇವತ್ತಿನ ತೊಂದರೆ ತೀರುತ್ತದೆ. ಹಾಗೆ ತೀರಿಸಿ ಕೈತೊಳೆದುಕೊಂಡವರನ್ನು ಬೇಕಾದಷ್ಟು ನೋಡಿದ್ದೇನೆ. ಕೆಲವು ತಿಂಗಳ ಮೇಲೆ ಹೊಸದಾಗಿ ಕೆಲಸಕ್ಕೆ ಸೇರಿದ ಇನ್ನೊಬ್ಬರು ಬಂದು, ಪಟ್ಟಿ ಅಚ್ಚುಕಟ್ಟಾಗಿರಲಿ ಎಂದು ಅದನ್ನು ಅಕಾರಾದಿಯಲ್ಲಿ ಜೋಡಿಸುತ್ತಾರೆ. ಹಳೇ ತೊಂದರೆ ಮತ್ತೆ ಎದ್ದು ಕೂರುತ್ತದೆ, ಯಾಕೆಂದು ಯಾರಿಗೂ ತಿಳಿಯುವುದಿಲ್ಲ. ಜಗಳದ ಬೇರು ಸಾಲುಗಳ ಕ್ರಮಕ್ಕಿಂತ ಕೆಳಗಿದೆ. ವಿಳಾಸದಲ್ಲಿ ಒಂದೇ ಜಾಗವನ್ನು ನೀನು ಇಬ್ಬರಿಗೆ ಕೊಟ್ಟಿದ್ದೀಯ: ನೀನೇ ಇಡುವ ಪದಗಳಿಗೂ (ಹುಡುಕು, ಹೊಸತು, ಸಂಗ್ರಹ), ಊರವರು ಬಂದು ತುಂಬುವ ಹೆಸರುಗಳಿಗೂ. ಇಬ್ಬರೂ ವಾರಸುದಾರರೆಂದು ಬಂದು ನಿಂತಾಗ ಯಾರನ್ನು ಒಳಗೆ ಬಿಡಬೇಕೆಂಬುದನ್ನು ರೂಟರ್ ಹೇಗೋ ತೀರ್ಮಾನಿಸಬೇಕಾಗುತ್ತದೆ. ಅದು ಹೇಗೆ ತೀರ್ಮಾನಿಸುತ್ತದೆ ಎಂಬುದು ಮೊದಲು ನಿನಗೆ ತಿಳಿದಿರಬೇಕು.

ಜ್ಯಾಂಗೊ, ರೇಲ್ಸ್, ಎಕ್ಸ್‌ಪ್ರೆಸ್ ಈ ಮೂರೂ ಒಂದೇ ಜಾತಿ. ಮೇಲಿನಿಂದ ಕೆಳಗೆ ಓದುತ್ತಾ ಹೋಗಿ, ಮೊದಲು ಹೊಂದಿದ್ದನ್ನು ಹಿಡಿದು ಅಲ್ಲಿಗೇ ನಿಲ್ಲುತ್ತವೆ. ನಮ್ಮೂರ ಬಸ್‌ಸ್ಟ್ಯಾಂಡಿನಲ್ಲಿ ಕಿಟಕಿಯಿಂದ ಟವೆಲ್ ಹಾಕಿದವನದೇ ಸೀಟು ಎಂಬ ಹಾಗೆ. ಟಿಕೆಟ್ಟಿನಲ್ಲಿ ಏನು ಬರೆದಿದೆ ಎಂದು ಯಾರೂ ಕೇಳುವುದಿಲ್ಲ. ರೇಲ್ಸ್‌ನಲ್ಲಿ 'ರಿಸೋರ್ಸಸ್' ಎಂದು ಒಂದು ಸಾಲು ಬರೆದರೆ ಏಳು ಕ್ರಿಯೆಗಳಿಗೆ ರೂಟ್‌ಗಳು ತಾವಾಗಿ ಹುಟ್ಟುತ್ತವೆ. ಅವುಗಳಲ್ಲಿ 'ನ್ಯೂ' ಎಂಬುದು ':ಐಡಿ'ಗಿಂತ ಮೊದಲೇ ಬರುವಂತೆ ಅದನ್ನು ಕಟ್ಟಿದವರೇ ನೋಡಿಕೊಂಡಿದ್ದಾರೆ. ಆದರೆ ಆ ಸಾಲಿನ ಕೆಳಗೆ ನೀನಾಗಿ ಇನ್ನೊಂದು ಸ್ಥಿರ ವಿಳಾಸ ಸೇರಿಸಿದರೆ, ಏಳರಲ್ಲಿ ಒಂದಾದ 'ಶೋ' ಅದನ್ನು ನುಂಗುತ್ತದೆ. ರೇಲ್ಸ್‌ನ ಮಾರ್ಗದರ್ಶಿಯಲ್ಲೇ ಈ ಎಚ್ಚರಿಕೆ ಇದೆ, ಓದುವವರು ಕಡಿಮೆ. ಎಕ್ಸ್‌ಪ್ರೆಸ್‌ನಲ್ಲಿ 'ನೆಕ್ಸ್ಟ್' ಎಂದು ಕರೆದು ಮುಂದಿನ ರೂಟ್‌ಗೆ ದಾಟಿಸುವ ದಾರಿ ಇದೆ ನಿಜ. ಆದರೆ ಆ ದಾರಿ ಹಿಡಿದ ಕೋಡನ್ನು ಓದಿ ಯಾವ ಕೋರಿಕೆ ಎಲ್ಲಿಗೆ ಹೋಗುತ್ತದೆಂದು ಹೇಳುವುದು ಕಷ್ಟ. ಅದು ನನಗೆ ಹಿಡಿಸುವುದಿಲ್ಲ.

ಫ್ಲಾಸ್ಕ್ ಬೇರೆ ಜಾತಿ. ಅದರ ಒಳಗಿರುವ ವರ್ಕ್‌ಜೋಯಿಗ್ ಪ್ರತಿ ರೂಟಿಗೂ ತೂಕ ಕಟ್ಟುತ್ತದೆ. ಸ್ಥಿರ ಪದಕ್ಕೆ ಹೆಚ್ಚು ಮರ್ಯಾದೆ, ಬದಲಾಗುವ ಭಾಗಕ್ಕೆ ಕಡಿಮೆ. ನೀನು ಯಾವ ಕ್ರಮದಲ್ಲಿ ಬರೆದರೂ 'ಹುಡುಕು' ಗೆಲ್ಲುತ್ತದೆ. ರಿಯಾಕ್ಟ್ ರೌಟರ್ ಕೂಡ 2021ರಲ್ಲಿ ಬಂದ 6ನೇ ಆವೃತ್ತಿಯಿಂದ ಹೀಗೆ ಶ್ರೇಯಾಂಕ ಕೊಡುತ್ತದೆ. ನೆಕ್ಸ್ಟ್ ಜೆಎಸ್‌ನಲ್ಲೂ ಸ್ಥಿರ ಹೆಸರಿನ ಕಡತ ಮೊದಲು, ಬದಲಾಗುವುದು ಆಮೇಲೆ, ಎಲ್ಲವನ್ನೂ ಹಿಡಿಯುವುದು ಕೊನೆಗೆ. ಒಂದೇ ಜಾಗದಲ್ಲಿ ಒಬ್ಬರು 'ಐಡಿ', ಇನ್ನೊಬ್ಬರು 'ಸ್ಲಗ್' ಎಂದು ಎರಡು ಬಗೆಯ ಹೆಸರಿಟ್ಟರೆ ಅದು ಮುಂದಕ್ಕೆ ಹೋಗಲು ಒಪ್ಪುವುದೇ ಇಲ್ಲ.

ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ಗೋ ಭಾಷೆಯವರ ನಿಷ್ಠುರತೆ. 2024ರ ಫೆಬ್ರವರಿಯಲ್ಲಿ ಬಂದ 1.22ನೇ ಆವೃತ್ತಿಯಲ್ಲಿ ಅವರ ಮೂಲ ಗ್ರಂಥಾಲಯದ ರೂಟರ್‌ಗೆ ಬದಲಾಗುವ ಭಾಗಗಳನ್ನು ಸೇರಿಸಿದರು. ನಿಯಮ ಚಿಕ್ಕದು: ಎರಡು ಪ್ಯಾಟರ್ನ್ ಒಂದೇ ವಿಳಾಸಕ್ಕೆ ಹೊಂದಿದರೆ ಹೆಚ್ಚು ನಿರ್ದಿಷ್ಟವಾದದ್ದಕ್ಕೆ ಗೆಲುವು, ಬರೆದ ಕ್ರಮಕ್ಕೆ ಬೆಲೆಯಿಲ್ಲ. ಹಾಗಾಗಿ '/ಲೇಖನ/ಹುಡುಕು' ಮತ್ತು '/ಲೇಖನ/:ಸಂಖ್ಯೆ' ಒಟ್ಟಿಗೆ ಬಾಳುತ್ತವೆ. ಈಗ '/ಲೇಖನ/:ಸಂಖ್ಯೆ' ಎಂಬುದನ್ನೂ '/:ವಿಭಾಗ/ಇತ್ತೀಚಿನವು' ಎಂಬುದನ್ನೂ ಪಕ್ಕಪಕ್ಕ ಇಟ್ಟು ನೋಡು. '/ಲೇಖನ/ಇತ್ತೀಚಿನವು' ಎಂಬ ವಿಳಾಸ ಎರಡಕ್ಕೂ ಹೊಂದುತ್ತದೆ, ಎರಡರಲ್ಲಿ ಯಾವುದೂ ಇನ್ನೊಂದಕ್ಕಿಂತ ನಿರ್ದಿಷ್ಟವಲ್ಲ. ಆಗ ಗೋ ಊಹೆ ಮಾಡಲು ಹೋಗುವುದಿಲ್ಲ. ರೂಟ್ ನೋಂದಾಯಿಸುವಾಗಲೇ ಪ್ಯಾನಿಕ್ ಆಗಿ ಪ್ರೋಗ್ರಾಮನ್ನು ನಿಲ್ಲಿಸಿಬಿಡುತ್ತದೆ. ಅದಕ್ಕೂ ಮೊದಲಿನ 'ಎಚ್‌ಟಿಟಿಪಿ ರೌಟರ್' ಎಂಬ ಗ್ರಂಥಾಲಯ ಇನ್ನೂ ಕಟ್ಟುನಿಟ್ಟು. ಒಂದೇ ಜಾಗದಲ್ಲಿ ಸ್ಥಿರ ಪದವೂ ಬದಲಾಗುವ ಭಾಗವೂ ಇರಕೂಡದು ಎಂದು ಅದು ಸಾರಾಸಗಟಾಗಿ ನಿರಾಕರಿಸುತ್ತಿತ್ತು. ಜನ ಅದನ್ನು ಬಯ್ದರು. ನನ್ನ ಕೇಳಿದರೆ ಅದು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಬೆಳಿಗ್ಗೆ ಹತ್ತಕ್ಕೆ ನಿನ್ನ ಮೇಜಿನ ಮೇಲೆ ಸಿಗುವ ದೋಷ, ರಾತ್ರಿ ಹನ್ನೆರಡಕ್ಕೆ ಓದುಗರಿಗೆ ಸಿಗುವ ದೋಷಕ್ಕಿಂತ ಎಷ್ಟೋ ವಾಸಿ.

ಫಾಸ್ಟ್‌ಎಪಿಐ ಬಳಸುವ ಗೆಳೆಯರು ನಿನಗಿದ್ದಾರಲ್ಲ, ಅವರಿಗೊಂದು ಮಾತು ಹೇಳು. '/ಬಳಕೆದಾರ/:ಐಡಿ' ಎಂದು ಬರೆದು, ಫಂಕ್ಷನ್ನಿನಲ್ಲಿ ಐಡಿ ಪೂರ್ಣಾಂಕ ಎಂದು ಟೈಪ್ ಕೊಟ್ಟರೆ ಸಾಕು, '/ಬಳಕೆದಾರ/ನಾನು' ಎಂಬ ವಿಳಾಸ ಕೆಳಗಿನ ರೂಟಿಗೆ ದಾಟಿಕೊಳ್ಳುತ್ತದೆ ಎಂದು ನಂಬಿದವರು ಬಹಳ. ದಾಟುವುದಿಲ್ಲ. ಆ ಟೈಪ್ ನೋಡುವುದು ರೂಟ್ ಆಯ್ಕೆಯಾದ ಮೇಲೆ. ಮೇಲಿನ ರೂಟ್ 'ನಾನು' ಎಂಬುದನ್ನು ಹಿಡಿದುಕೊಂಡು, ಆಮೇಲೆ ಪರೀಕ್ಷಿಸಿ, ಇದು ಸಂಖ್ಯೆ ಅಲ್ಲ ಎಂದು 422 ಎಸೆಯುತ್ತದೆ. ಜ್ಯಾಂಗೊದಲ್ಲಿ ಹಾಗಲ್ಲ: 2017ರ ಡಿಸೆಂಬರಿನ 2.0 ಆವೃತ್ತಿಯಲ್ಲಿ ಬಂದ 'ಪಾತ್' ಬಳಸಿ 'ಇಂಟ್' ಕನ್ವರ್ಟರ್ ಹಾಕಿದರೆ, ಸಂಖ್ಯೆ ಅಲ್ಲದ ವಿಳಾಸ ಆ ರೂಟಿಗೆ ಹೊಂದುವುದೇ ಇಲ್ಲ, ಹುಡುಕಾಟ ಮುಂದುವರಿಯುತ್ತದೆ. ನೋಡಲು ಎರಡೂ ಒಂದೇ ಥರ, ನಡತೆ ಮಾತ್ರ ಬೇರೆ. ಒಂದು ಫ್ರೇಮ್‌ವರ್ಕಿನ ಅಭ್ಯಾಸವನ್ನು ಇನ್ನೊಂದಕ್ಕೆ ಹೊತ್ತೊಯ್ಯುವ ಮೊದಲು ಅದರ ದಾಖಲೆ ತೆರೆದು ನೋಡು.

ಇನ್ನು ಬದಲಾಗುವ ಭಾಗಕ್ಕೆ ಹಾಕುವ ಬೇಲಿಯ ವಿಷಯ. ಅದು ಏನನ್ನು ಬೇಕಾದರೂ ಹಿಡಿಯಲಿ ಎಂದು ಬಿಡುವುದು ಸೋಮಾರಿತನ. ಸ್ಟ್ಯಾಕ್ ಓವರ್‌ಫ್ಲೋ ತಾಣದ ವಿಳಾಸಗಳನ್ನು ಗಮನಿಸಿದ್ದೀಯಾ? 'ಕ್ವೆಶ್ಚನ್ಸ್' ಎಂಬುದರ ನಂತರ ಒಂದು ಸಂಖ್ಯೆ, ಅದರ ನಂತರ ಪ್ರಶ್ನೆಯ ಶೀರ್ಷಿಕೆ. ಅದೇ 'ಕ್ವೆಶ್ಚನ್ಸ್' ಕೆಳಗೇ 'ಟ್ಯಾಗ್ಡ್' ಎಂಬ ಪದದಿಂದ ಬೇರೊಂದು ಪುಟವೂ ತೆರೆಯುತ್ತದೆ. ಒಂದು ಕಡೆ ಅಂಕಿ, ಇನ್ನೊಂದು ಕಡೆ ಅಕ್ಷರ. ಎರಡೂ ಎಂದೂ ಢಿಕ್ಕಿ ಹೊಡೆಯುವುದಿಲ್ಲ. ಪ್ರಶ್ನೆಯನ್ನು ಗುರುತಿಸುವುದು ಸಂಖ್ಯೆ, ಶೀರ್ಷಿಕೆ ಇರುವುದು ಓದುವವರಿಗಾಗಿ. ನಾಳೆ ಶೀರ್ಷಿಕೆ ತಿದ್ದಿದರೂ ಹಳೆಯ ಕೊಂಡಿ ಕೆಡುವುದಿಲ್ಲ. ನಿನ್ನ ಲೇಖನಗಳಿಗೂ ಇದೇ ಮಾದರಿ ಸಾಕು.

ಕನ್ನಡದಲ್ಲಿ ತಾಣ ಮಾಡುವ ನಿನಗೆ ಇದು ಇನ್ನೂ ಒಂದು ಕಾರಣಕ್ಕೆ ಮುಖ್ಯ. ಜ್ಯಾಂಗೊದ 'ಸ್ಲಗ್' ಕನ್ವರ್ಟರ್ ಇಂಗ್ಲಿಷ್ ಅಕ್ಷರ, ಅಂಕಿ, ಅಡ್ಡಗೆರೆ, ಅಡಿಗೆರೆ ಇಷ್ಟನ್ನೇ ಒಪ್ಪುತ್ತದೆ. ಕನ್ನಡದ ಒಂದಕ್ಷರವೂ ಅದರ ಬಾಗಿಲು ದಾಟುವುದಿಲ್ಲ. ಅದಕ್ಕೇ ನೀನು 'ಎಸ್‌ಟಿಆರ್' ಬಳಸಿದ್ದೀಯ, ಗೊತ್ತಾಯಿತು. ಅದು ಓರೆಗೆರೆಯೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲವನ್ನೂ ಒಪ್ಪುತ್ತದೆ, ಆದ್ದರಿಂದಲೇ 'ಹುಡುಕು' ಕೂಡ ಅದರ ಬಾಯಿಗೆ ಬಿತ್ತು. ಇನ್ನು ಕೆಲವರು ರೆಜೆಕ್ಸ್‌ನಲ್ಲಿ ಹಿಂಗೆರೆ-ಡಬ್ಲ್ಯೂ ಹಾಕಿದರೆ ಪದಗಳೆಲ್ಲ ಹಿಡಿಯುತ್ತವೆ ಎಂದುಕೊಳ್ಳುತ್ತಾರೆ. ಪೈಥಾನ್‌ನ ಸ್ವಂತ ರೆಜೆಕ್ಸ್ ಮಾಡ್ಯೂಲಿನಲ್ಲಿ ಅದು ನಮ್ಮ ಸ್ವರಗಳನ್ನೂ ವ್ಯಂಜನಗಳನ್ನೂ ಹಿಡಿಯುತ್ತದೆ. ಕೊಂಬು, ದೀರ್ಘ, ಒತ್ತು ಬರಿಸುವ ಅರ್ಧಾಕ್ಷರದ ಚಿಹ್ನೆ, ಇವು ಯಾವುದನ್ನೂ ಅಕ್ಷರವೆಂದು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಯೂನಿಕೋಡ್‌ನಲ್ಲಿ ಅವು ಬೇರೆ ವರ್ಗಕ್ಕೆ ಸೇರಿದವು. ಜಾವಾಸ್ಕ್ರಿಪ್ಟ್‌ನಲ್ಲಂತೂ ಅದೇ ಹಿಂಗೆರೆ-ಡಬ್ಲ್ಯೂ ಕನ್ನಡದ ಒಂದಕ್ಷರವನ್ನೂ ಹಿಡಿಯುವುದಿಲ್ಲ.

ಇದರ ಪರಿಣಾಮ ನೋಡು. ಜ್ಯಾಂಗೊದ 'ಸ್ಲಗಿಫೈ' ಫಂಕ್ಷನ್ನಿಗೆ ಯೂನಿಕೋಡ್ ಇರಲಿ ಎಂದು ಹೇಳಿ 'ಮೈಸೂರು' ಕೊಟ್ಟರೆ ಹೊರಬರುವುದು 'ಮಸರ'. 'ಮೊಸರು' ಕೊಟ್ಟರೂ 'ಮಸರ'! ಮೈಸೂರಿನ ಇತಿಹಾಸದ ಲೇಖನಕ್ಕೂ ಮೊಸರಿನ ಅಡುಗೆ ಅಂಕಣಕ್ಕೂ ಒಂದೇ ವಿಳಾಸ. ಪರೀಕ್ಷೆಗೆ ಇಂಗ್ಲಿಷ್ ಪದಗಳನ್ನೇ ಬಳಸುವವರಿಗೆ ಇದು ಎಂದೂ ಗೊತ್ತಾಗುವುದಿಲ್ಲ. ಕನ್ನಡದ ಸ್ಲಗ್ ಬೇಕೇಬೇಕು ಎಂದಿದ್ದರೆ ನಿನ್ನದೇ ಕನ್ವರ್ಟರ್ ಬರೆದುಕೋ. ಕನ್ನಡದ ಯೂನಿಕೋಡ್ ವಲಯವನ್ನು ಚಿಹ್ನೆಗಳೂ ಸೇರಿ ಒಪ್ಪುವ ಪ್ಯಾಟರ್ನ್ ಕೊಡು. ಜೊತೆಗೆ ಬಂದ ಪದವನ್ನು ಎನ್‌ಎಫ್‌ಸಿ ರೂಪಕ್ಕೆ ತಂದುಕೋ. ಏತ್ವದ ದೀರ್ಘವನ್ನು ಒಂದೇ ಸಂಕೇತದಲ್ಲೂ ಬರೆಯಬಹುದು, ಎರಡು ಸಂಕೇತ ಸೇರಿಸಿಯೂ ಬರೆಯಬಹುದು. ಕಣ್ಣಿಗೆ ಒಂದೇ, ಕಂಪ್ಯೂಟರಿಗೆ ಎರಡು. ಇನ್ನೊಂದು: 'ಕನ್ನಡ' ಎಂಬ ಪದದಲ್ಲಿ ಐದು ಸಂಕೇತಗಳಿವೆ, ಯುಟಿಎಫ್-8ರಲ್ಲಿ 15 ಬೈಟ್, ವಿಳಾಸದಲ್ಲಿ ಶೇಕಡಾ ಚಿಹ್ನೆಗಳ ಜೊತೆ ಬರೆದಾಗ 45 ಅಕ್ಷರ. ವಾಟ್ಸಾಪ್‌ನಲ್ಲಿ ಉದ್ದುದ್ದ ಕೊಂಡಿಗಳನ್ನು ಕಂಡು ಓದುಗರು ಹೆದರುವುದು ಸುಮ್ಮನೆ ಅಲ್ಲ. ಸಂಖ್ಯೆ ಮುಂದಿದ್ದರೆ ಶೀರ್ಷಿಕೆಯ ಭಾಗ ತುಂಡಾಗಿ ಬಂದರೂ ಪುಟ ತೆರೆಯುವಂತೆ ಮಾಡಬಹುದು.

ಈಗ ನಿನ್ನ ಎರಡನೇ ಆಸೆಗೆ ಬರುತ್ತೇನೆ. ಬರಹಗಾರರಿಗೆ ತಾಣದ ಹೆಸರಿನ ಪಕ್ಕದಲ್ಲೇ, '/:ಲೇಖಕ' ಎಂದು, ಚುಟುಕಾದ ವಿಳಾಸ ಕೊಡಬೇಕೆಂದಿದ್ದೀಯ. ಗಿಟ್‌ಹಬ್ ಕೊಟ್ಟಿದೆ ಅನ್ನುತ್ತೀಯ. ಹೌದು, ಕೊಟ್ಟಿದೆ, ಅದಕ್ಕೆ ಬೆಲೆಯನ್ನೂ ತೆರುತ್ತಿದೆ: 'ಸೆಟ್ಟಿಂಗ್ಸ್', 'ಫೀಚರ್ಸ್', 'ಎಕ್ಸ್‌ಪ್ಲೋರ್' ಮುಂತಾದ ಪದಗಳನ್ನು ಯಾರೂ ತಮ್ಮ ಹೆಸರಾಗಿ ಪಡೆಯದಂತೆ ಕಾದಿರಿಸಬೇಕು, ಹೊಸ ಪುಟ ತೆರೆಯುವಾಗಲೆಲ್ಲ ಆ ಹೆಸರು ಆಗಲೇ ಯಾರದ್ದಾದರೂ ಆಗಿದೆಯೇ ಎಂದು ನೋಡಬೇಕು. ಯೂಟ್ಯೂಬ್ 2022ರಲ್ಲಿ ಚಾನೆಲ್‌ಗಳಿಗೆ ಹ್ಯಾಂಡಲ್ ಕೊಟ್ಟಾಗ ಹೆಸರಿನ ಮುಂದೆ 'ಅಟ್' ಚಿಹ್ನೆ ಇಟ್ಟಿತು. ಮಾಸ್ಟಡಾನ್, ಮೀಡಿಯಂ ಕೂಡ ಹಾಗೆಯೇ. ಆ ಒಂದು ಚಿಹ್ನೆಯಿಂದ ಬಳಕೆದಾರರ ಹೆಸರುಗಳೆಲ್ಲ ಒಂದು ಕೇರಿ, ತಾಣದ ಪುಟಗಳೆಲ್ಲ ಇನ್ನೊಂದು ಕೇರಿ ಆದವು. ವಿಕಿಪೀಡಿಯ ನೋಡು: ಲೇಖನಗಳೆಲ್ಲ 'ವಿಕಿ' ಎಂಬ ಪದದ ಕೆಳಗೆ, ತಂತ್ರಾಂಶದ ಸ್ವಂತ ಕಡತಗಳು ಬರಿಯ 'ಡಬ್ಲ್ಯೂ' ಎಂಬುದರ ಕೆಳಗೆ. ಯಾರು ಯಾವ ಶೀರ್ಷಿಕೆಯಲ್ಲಿ ಲೇಖನ ಬರೆದರೂ ತಂತ್ರಾಂಶದ ಕಾಲಿಗೆ ತೊಡರುವುದಿಲ್ಲ.

ನಿನಗೂ ಅಷ್ಟೇ. '/ಬರಹಗಾರರು/:ಹೆಸರು' ಎಂದಿಟ್ಟರೆ ವಿಳಾಸ ಒಂದಿಷ್ಟು ಉದ್ದವಾಗುತ್ತದೆ, ಆಗಲಿ ಬಿಡು. ಇಲ್ಲ, ಚುಟುಕೇ ಬೇಕು ಎಂದು ಹಟ ಹಿಡಿದರೆ 'ಅಟ್' ಚಿಹ್ನೆ ಇಡು. ಬರಿಯ ಹೆಸರನ್ನು ತಾಣದ ಬೇರಿಗೇ ಕಟ್ಟಬೇಡ. ಕಾವ್ಯನಾಮ ಇಟ್ಟುಕೊಳ್ಳುವ ನಮ್ಮವರ ಕಲ್ಪನೆಗೆ ಎಣೆಯಿಲ್ಲ. 'ಸಂಪಾದಕ' ಎಂದೋ 'ಪುರವಣಿ' ಎಂದೋ ಒಬ್ಬರು ನೋಂದಾಯಿಸಿಕೊಂಡಿರುತ್ತಾರೆ, ನೀನು ದೀಪಾವಳಿ ಪುರವಣಿಗೆ ಪುಟ ತೆರೆದ ದಿನ ಅವರ ಪುಟ ಮಾಯವಾಗಿರುತ್ತದೆ. ಅವರು ಫೋನ್ ಮಾಡಿ ಕೇಳಿದಾಗ ರೂಟರ್‌ನ ಕ್ರಮದ ಬಗ್ಗೆ ವಿವರಿಸಿದರೆ ಆಗುತ್ತದೆಯೇ?

ಎಲ್ಲವನ್ನೂ ಹಿಡಿಯುವ ರೂಟ್ ಒಂದನ್ನು ಪಟ್ಟಿಯ ಕೊನೆಯಲ್ಲಿ ಇಟ್ಟಿದ್ದೀಯಲ್ಲ, ಅದರ ಬಗ್ಗೆಯೂ ಹೇಳಿಬಿಡುತ್ತೇನೆ. ಕೊನೆಯಲ್ಲಿದ್ದರೂ ಅದು ನಿರುಪದ್ರವಿ ಅಲ್ಲ. ಓರೆಗೆರೆ ಬಿಟ್ಟು ಬಂದ ವಿಳಾಸಕ್ಕೆ ಗೆರೆ ಸೇರಿಸಿ ಕಳಿಸುವ ಸೌಲಭ್ಯ ಜ್ಯಾಂಗೊದಲ್ಲಿದೆ. ಆದರೆ ಗೆರೆ ಇಲ್ಲದ ವಿಳಾಸ ಯಾವ ರೂಟಿಗೂ ಹೊಂದದಿದ್ದಾಗ ಮಾತ್ರ ಅದು ಕೆಲಸ ಮಾಡುವುದು. ನಿನ್ನ ಸರ್ವಭಕ್ಷಕ ರೂಟ್ ಎಲ್ಲಕ್ಕೂ ಹೊಂದುವುದರಿಂದ ಆ ಸೌಲಭ್ಯ ಸದ್ದಿಲ್ಲದೆ ಸತ್ತುಹೋಗಿದೆ. '/ಚಂದಾ' ತೆರೆಯುವುದಿಲ್ಲ, '/ಚಂದಾ/' ತೆರೆಯುತ್ತದೆ ಎಂದು ಓದುಗರೊಬ್ಬರು ದೂರಿದ್ದರು ಎಂದೆಯಲ್ಲ, ಅದರ ಮೂಲ ಇದೇ. ಜ್ಯಾಂಗೊದ 'ಫ್ಲಾಟ್‌ಪೇಜಸ್' ಒಂದು ಮಿಡಲ್‌ವೇರ್ ಇಟ್ಟುಕೊಂಡು, ಉಳಿದೆಲ್ಲ ಮುಗಿದು 404 ಬಂದ ಮೇಲಷ್ಟೇ ತನ್ನ ಪುಟಗಳನ್ನು ಹುಡುಕುತ್ತದೆ. ಅದು ಮಾನವಂತರ ರೀತಿ. ಇಲ್ಲವಾದರೆ '/ಪುಟ/' ಎಂಬ ಪೂರ್ವಪದ ಕೊಟ್ಟು ಆ ಸರ್ವಭಕ್ಷಕ ರೂಟನ್ನು ಒಂದು ಕೋಣೆಗೆ ಸೇರಿಸು.

ರೂಟ್ ನುಂಗುವುದರಿಂದ ಬರೀ ಪುಟ ತಪ್ಪಿದರೆ ಒಂದು ತೆರ, ಬೀಗ ತಪ್ಪಿದರೆ ಇನ್ನೊಂದು. ಲಾಗಿನ್ ಬೇಕಾದ ವಿಳಾಸವನ್ನು ಲಾಗಿನ್ ಬೇಡದ ಬದಲಾಗುವ ರೂಟ್ ಮೊದಲೇ ಹಿಡಿದರೆ ನಿನ್ನ ಕಾವಲು ವ್ಯರ್ಥ. ಅಕ್ಷರಭೇದದಿಂದಲೂ ಬೀಗ ತಪ್ಪಬಹುದು: ಎಕ್ಸ್‌ಪ್ರೆಸ್ ತನ್ನಷ್ಟಕ್ಕೆ ಇಂಗ್ಲಿಷಿನ ದೊಡ್ಡಕ್ಷರ ಸಣ್ಣಕ್ಷರಗಳಿಗೆ ಭೇದ ಮಾಡುವುದಿಲ್ಲ, ಜ್ಯಾಂಗೊ ಮಾಡುತ್ತದೆ. ಮುಂದೆ ನಿಂತ ಎಂಜಿನ್‌ಎಕ್ಸ್‌ನಲ್ಲಿ 'ಅಡ್ಮಿನ್' ಎಂಬುದನ್ನು ಸಣ್ಣಕ್ಷರದಲ್ಲಷ್ಟೇ ತಡೆದು, ಹಿಂದೆ ಎಕ್ಸ್‌ಪ್ರೆಸ್ ಇಟ್ಟವರ ಮನೆಗೆ ದೊಡ್ಡಕ್ಷರದಲ್ಲಿ ಬರೆದವರು ನೇರವಾಗಿ ನುಗ್ಗಬಹುದು. ಪರವಾನಗಿಯ ಪರೀಕ್ಷೆ ವಿಳಾಸದ ಮೇಲೆ ನಿಲ್ಲದೆ, ಕೆಲಸ ಮಾಡುವ ಫಂಕ್ಷನ್ನಿನ ಮೇಲೆಯೇ ಕೂತಿರಲಿ.

ಇನ್ನು ಗೆಟ್, ಪೋಸ್ಟ್ ಮುಂತಾದ ವಿಧಾನಗಳ ವಿಷಯ ಚಿಕ್ಕದು. ರೇಲ್ಸ್, ಎಕ್ಸ್‌ಪ್ರೆಸ್‌ನಲ್ಲಿ ಒಂದೇ ವಿಳಾಸಕ್ಕೆ ವಿಧಾನವಾರು ಬೇರೆ ಬೇರೆ ರೂಟ್ ಇಡಬಹುದು. ಜ್ಯಾಂಗೊದ ಪಟ್ಟಿ ವಿಧಾನವನ್ನು ನೋಡುವುದೇ ಇಲ್ಲ, ಒಂದೇ ವ್ಯೂ ಒಳಗೆ ನೀನೇ ಕವಲು ಹೊಡೆಯಬೇಕು.

ಇದನ್ನೆಲ್ಲ ನೆನಪಿನಲ್ಲಿ ಇಟ್ಟುಕೊಂಡು ಬದುಕಲು ಆಗುವುದಿಲ್ಲ, ಟೆಸ್ಟ್ ಬರೆ. ರೇಲ್ಸ್, ಫ್ಲಾಸ್ಕ್, ಲಾರಾವೆಲ್ ಎಲ್ಲದರಲ್ಲೂ ಇರುವ ರೂಟ್‌ಗಳನ್ನು ಪಟ್ಟಿ ಮಾಡಿ ತೋರಿಸುವ ಆದೇಶ ಇದೆ. ಜ್ಯಾಂಗೊದಲ್ಲಿ 'ರಿಸಾಲ್ವ್' ಎಂಬ ಫಂಕ್ಷನ್ನಿಗೆ ವಿಳಾಸ ಕೊಟ್ಟರೆ ಅದು ಯಾವ ವ್ಯೂಗೆ ಹೋಗುತ್ತದೆಂದು ಹೇಳುತ್ತದೆ. ವಿಳಾಸ ಒಂದು ಕಡೆ, ತಲುಪಬೇಕಾದ ವ್ಯೂ ಇನ್ನೊಂದು ಕಡೆ, ಹೀಗೊಂದು ಕೋಷ್ಟಕ ಮಾಡಿ ಪ್ರತಿಯೊಂದನ್ನೂ ಪರೀಕ್ಷಿಸು. ಕೋಷ್ಟಕದಲ್ಲಿ 'ಮೈಸೂರು', 'ಮೊಸರು' ಎರಡೂ ಇರಲಿ. ಕಾದಿರಿಸಿದ ಪದಗಳನ್ನು ಕೈಯಿಂದ ಬರೆದಿಡಬೇಡ, ಅದು ಹಳತಾಗುತ್ತದೆ. ರೂಟ್‌ಗಳ ಪಟ್ಟಿಯಿಂದಲೇ ಸ್ಥಿರ ಪದಗಳನ್ನು ಎತ್ತಿ, ಹೆಸರು ನೋಂದಾಯಿಸುವ ಫಾರ್ಮ್ ಅವನ್ನು ನಿರಾಕರಿಸುತ್ತದೆಯೇ ಎಂದು ಟೆಸ್ಟ್ ನೋಡಲಿ. ಹೊಸ ಸ್ಥಿರ ರೂಟ್ ಸೇರಿಸುವಾಗ ಡೇಟಾಬೇಸಿನಲ್ಲಿ ಆ ಹೆಸರು ಆಗಲೇ ಕೂತಿದೆಯೇ ಎಂದು ವಿಚಾರಿಸು. ಬಹುಮಂದಿ ಮರೆಯುವುದು ಇದನ್ನೇ.

ಹಾಗಾಗಿ, ಪುಟ್ಟಾ, ನಿನ್ನ ಪಟ್ಟಿ ಹೀಗಿರಲಿ: ಹುಡುಕಾಟ '/ಹುಡುಕು' ಎಂದು ತನ್ನ ಪಾಡಿಗೆ ಹೊರಗಿರಲಿ, ಲೇಖನಗಳು '/ಲೇಖನ/:ಸಂಖ್ಯೆ/:ಶೀರ್ಷಿಕೆ' ಆಗಲಿ, ಸಂಖ್ಯೆಗೆ 'ಇಂಟ್' ಬೇಲಿ ಇರಲಿ, ಬರಹಗಾರರಿಗೆ ಅವರದೇ ಕೇರಿ. ವೆಬ್ಬನ್ನು ಕಟ್ಟಿದ ಟಿಮ್ ಬರ್ನರ್ಸ್-ಲೀ ವಿಳಾಸಗಳನ್ನು ಬದಲಿಸಬೇಡಿ ಎಂದು 1998ರಲ್ಲೇ ಬರೆದಿದ್ದಾರೆ. ಒಮ್ಮೆ ಗೂಗಲ್‌ಗೂ ಓದುಗರ ವಾಟ್ಸಾಪ್ ಗುಂಪುಗಳಿಗೂ ಹೋದ ಕೊಂಡಿಯನ್ನು ಬದಲಿಸಿದರೆ ಹಳೆಯದಕ್ಕೆ 301 ಹಾಕಿ ವರ್ಷಗಟ್ಟಲೆ ಸಾಕಬೇಕು. ನಿನ್ನ ತಾಣವನ್ನು ಇನ್ನೂ ಪರೀಕ್ಷೆಗೆಂದು ಹತ್ತಾರು ಓದುಗರಷ್ಟೇ ನೋಡಿದ್ದಾರೆ. ಬಿಡುಗಡೆಯ ದಿನಾಂಕ ಒಂದು ವಾರ ಮುಂದೆ ಹೋದರೂ ಚಿಂತೆಯಿಲ್ಲ, ವಿಳಾಸಗಳನ್ನು ಈಗಲೇ ಸರಿಮಾಡಿ, ಆ ಕೋಷ್ಟಕದ ಟೆಸ್ಟ್ ಪಾಸಾದ ಮೇಲೆ ನನಗೆ ಮತ್ತೊಮ್ಮೆ ಕಳಿಸು.